ಮೊಲಗಳ ಹಾವಳಿ: ಏರ್ ರೈಫಲ್ ಸಾಕೇ, ರಿಮ್‌ಫೈರ್ ಬೇಕೇ?

ಪ್ರಶ್ನೆ: ಹೇಮಾವತಿ ತೀರ, ವೂಸ್ಟರ್‌ಶೈರ್, ಇಂಗ್ಲೆಂಡ್

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಬೇಸಾಯದ ಮನೆತನದಿಂದ ಬಂದವನು. ಬಹುಕಾಲದಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಎರಡು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಈವ್‌ಶಮ್ ಕಣಿವೆಯ ಅಂಚಿನಲ್ಲಿ ಮೂರೂವರೆ ಎಕರೆ ಜಮೀನಿರುವ ಹಳೆಯ ಮನೆಯೊಂದನ್ನು ಕೊಂಡು, ನೂರಿಪ್ಪತ್ತು ಸೇಬು ಮತ್ತು ಪ್ಲಮ್ ಸಸಿಗಳನ್ನು ನೆಟ್ಟೆವು. ಕಳೆದ ಚಳಿಗಾಲದಲ್ಲಿ ಹಿಮ ಬಿದ್ದು ಹುಲ್ಲು ಮುಚ್ಚಿಹೋದ ಒಂದೇ ವಾರದಲ್ಲಿ ಮೊಲಗಳು ಮೂವತ್ತೊಂದು ಸಸಿಗಳ ತೊಗಟೆಯನ್ನು ಬುಡದಿಂದ ಎರಡು ಗೇಣು ಎತ್ತರದವರೆಗೆ ಸುತ್ತಲೂ ಕೆರೆದು ತಿಂದವು. ತೊಗಟೆ ಸುತ್ತಲೂ ಹೋದ ಗಿಡ ಉಳಿಯುವುದಿಲ್ಲ; ಏಪ್ರಿಲ್‌ನಲ್ಲಿ ಚಿಗುರಿ ಆಸೆ ಹುಟ್ಟಿಸಿದ ಗಿಡಗಳೂ ಜೂನ್ ಹೊತ್ತಿಗೆ ಒಣಗಿದವು. ಕೈಯಾರೆ ನೆಟ್ಟ ಗಿಡ ಹಾಗೆ ಹೋಗುವುದನ್ನು ನೋಡುವ ಸಂಕಟವನ್ನು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಮೀನಿನ ಚಿತ್ರ ಹೀಗಿದೆ. ಪಶ್ಚಿಮದ ಗಡಿಯಲ್ಲಿ ಒಂದಾಳೆತ್ತರದ ಮಣ್ಣಿನ ದಿಬ್ಬವಿದ್ದು, ಮೊಲಗಳ ಬಿಲಗಳೆಲ್ಲ ಅದರ ಬುಡದಲ್ಲಿವೆ. ಪೂರ್ವಕ್ಕೆ ನೆರೆಯವರ ಮನೆ ಇದೆ. ದಕ್ಷಿಣದ ಬೇಲಿಗೆ ಒತ್ತಿಕೊಂಡಂತೆ ಸಾರ್ವಜನಿಕ ಕಾಲುದಾರಿ ಇದ್ದು, ಬೆಳಗ್ಗೆ ಸಂಜೆ ಜನರು ನಾಯಿಗಳೊಡನೆ ಓಡಾಡುತ್ತಾರೆ. ಉತ್ತರಕ್ಕೆ ಸಮತಟ್ಟಾದ ಗೋಧಿ ಹೊಲವಿದೆ. ಸಸಿಗಳ ಸಾಲಿನಿಂದ ದಿಬ್ಬಕ್ಕೆ 25ರಿಂದ 40 ಮೀಟರ್ ದೂರ; ಆದರೆ ಸಂಜೆಯ ಹೊತ್ತು ಬಹಳಷ್ಟು ಮೊಲಗಳು ಉತ್ತರದ ಹೊಲದಂಚಿನಲ್ಲಿ, ಎಂಬತ್ತು ತೊಂಬತ್ತು ಮೀಟರ್ ಆಚೆ ಮೇಯುತ್ತಿರುತ್ತವೆ. ಆ ಹೊಲದ ರೈತರು, ನಮ್ಮ ದಿಬ್ಬದ ಮೊಲಗಳು ತಮ್ಮ ಗೋಧಿಯನ್ನು ತಿನ್ನುತ್ತಿವೆ ಎಂದು ಸೌಜನ್ಯದಿಂದಲೇ ದೂರಿದರು. ಬೇಕಾದರೆ ತಮ್ಮ ಹೊಲದಲ್ಲಿಯೂ ಹೊಡೆಯಲು ಲಿಖಿತ ಅನುಮತಿ ಕೊಡುವುದಾಗಿ ಹೇಳಿದ್ದಾರೆ.

ಪರಿಚಯದ ಒಬ್ಬರು, ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಗುಂಡನ್ನು ಹಾರಿಸುವ ಏರ್ ರೈಫಲ್ ಮಕ್ಕಳ ಆಟಿಕೆ, ನೇರವಾಗಿ ಮದ್ದಿನ ತೋಟಾ ಬಳಸುವ .22 (ಇಂಚಿನಲ್ಲಿ ನಳಿಕೆಯ ಅಗಲ) ರಿಮ್‌ಫೈರ್‌ಗೆ ಅರ್ಜಿ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ಅಷ್ಟು ಸಣ್ಣ ಜಮೀನಿಗೆ ರಿಮ್‌ಫೈರ್ ಅಪಾಯ ಎನ್ನುತ್ತಾರೆ. ನಾನು ಒಂದು ಕ್ಲಬ್ಬಿನಲ್ಲಿ ಎರಡನ್ನೂ ಕೆಲವು ಸಲ ಹಿಡಿದು ನೋಡಿದ್ದೇನೆಯೇ ಹೊರತು ಪ್ರಾಣಿಯ ಮೇಲೆ ಎಂದೂ ಗುರಿಯಿಟ್ಟವನಲ್ಲ. ಪ್ರಾಣಿಯನ್ನು ನರಳಿಸುವುದು ನನಗೆ ಬೇಡ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಗದ್ದೆಬದು, ಹೆರೆಫರ್ಡ್‌ಶೈರ್

ನಮಸ್ಕಾರ. ಹನ್ನೆರಡು ವರ್ಷಗಳಿಂದ ಇಲ್ಲಿನ ತರಕಾರಿ ತೋಟವೊಂದರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೇನೆ. ಮೊಲಗಳನ್ನು ಹತೋಟಿಯಲ್ಲಿಡುವುದು ನನ್ನ ಕೆಲಸದ ಒಂದು ಭಾಗ. ಎರಡೂ ಬಗೆಯ ರೈಫಲ್‌ಗಳನ್ನು ಬಳಸುತ್ತೇನೆ. ಆದ್ದರಿಂದ ಯಾವುದೊಂದರ ಪರವಾಗಿಯೂ ವಾದಿಸದೆ ನನಗೆ ಕಂಡದ್ದನ್ನು ಬರೆಯುತ್ತೇನೆ.

ಮೊದಲು ಕಾನೂನು. ನಿಮ್ಮ ನೆರೆಯ ರೈತರ ದೂರಿಗೆ ಆಧಾರವಿದೆ: 1954ರ ಪೆಸ್ಟ್ಸ್ ಆಕ್ಟ್ ಪ್ರಕಾರ ತನ್ನ ನೆಲದ ಮೊಲಗಳು ಅಕ್ಕಪಕ್ಕದ ಬೆಳೆಗೆ ಹಾನಿ ಮಾಡದಂತೆ ನೋಡಿಕೊಳ್ಳುವುದು ಜಮೀನು ಅನುಭವಿಸುವವನ ಹೊಣೆ. 1880ರ ಗ್ರೌಂಡ್ ಗೇಮ್ ಆಕ್ಟ್ ಅವುಗಳನ್ನು ಹಿಡಿಯುವ ಹಕ್ಕನ್ನೂ ಅವನಿಗೆ ಕೊಟ್ಟಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲ್ ಕೊಳ್ಳಲು ಹದಿನೆಂಟು ವರ್ಷ ತುಂಬಿರಬೇಕು, ಪರವಾನಗಿ ಬೇಕಿಲ್ಲ. (ಸ್ಕಾಟ್‌ಲೆಂಡಿನಲ್ಲಿ 2016ರ ಡಿಸೆಂಬರ್ 31ರಿಂದ ಅದಕ್ಕೂ ಪ್ರಮಾಣಪತ್ರ ಬೇಕು, ಗಡಿಯಾಚೆ ಇರುವ ಕನ್ನಡಿಗರು ಗಮನಿಸಬೇಕು.) ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಾಗುವುದಿಲ್ಲ. ಪಕ್ಕದವರ ಅನುಮತಿಯಿಲ್ಲದೆ ನಿಮ್ಮ ಒಂದೇ ಒಂದು ಪೆಲೆಟ್ ಗಡಿ ದಾಟಿದರೂ ಅಪರಾಧವಾಗುತ್ತದೆ, ಅದು ಮಕ್ಕಳ ಕೈಗೆ ಸಿಗದಂತೆ ಇಡದಿರುವುದೂ ಅಪರಾಧವೇ.

ರಿಮ್‌ಫೈರ್‌ನ ಮಾತು ಬೇರೆ. ಅದಕ್ಕೆ 1968ರ ಫೈರ್‌ಆರ್ಮ್ಸ್ ಆಕ್ಟ್ ಅಡಿಯಲ್ಲಿ ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಬಂದೂಕು ಏಕೆ ಬೇಕೆಂಬುದಕ್ಕೆ ಒಪ್ಪುವಂತಹ ಕಾರಣ, ಇಬ್ಬರು ಪರಿಚಿತರ ಸಾಕ್ಷ್ಯ, ವೈದ್ಯರ ವರದಿ, ಗೋಡೆಗೆ ಬಿಗಿದ ಉಕ್ಕಿನ ಕಪಾಟು ಇಷ್ಟೂ ಬೇಕಾಗುತ್ತವೆ. ನೀವು ಹೊಡೆಯಲಿರುವ ಜಮೀನು ಆ ಬಂದೂಕಿಗೆ ತಕ್ಕುದೇ ಎಂಬುದನ್ನೂ ಅವರು ನೋಡುತ್ತಾರೆ. 2025ರ ಫೆಬ್ರವರಿಯಿಂದ ಹೊಸ ಪ್ರಮಾಣಪತ್ರದ ಶುಲ್ಕ 198 ಪೌಂಡ್. ಐದು ವರ್ಷ ನಡೆಯುತ್ತದೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದರೆ ಅಚ್ಚರಿಪಡಬೇಡಿ.

ಇನ್ನು ಬಂದೂಕಿನ ವಿಚಾರ. ತೋಟಾದ ಬುಡದ ಅಂಚಿನಲ್ಲಿ ಸಿಡಿಮದ್ದು ಇರುವುದರಿಂದ, ಸೂಜಿ ಆ ಅಂಚಿಗೆ ಬಡಿದು ಹೊತ್ತಿಸುವುದರಿಂದ ಅದಕ್ಕೆ ರಿಮ್‌ಫೈರ್ ಎಂದು ಹೆಸರು. ಮೊಲದ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ .22 ಲಾಂಗ್ ರೈಫಲ್‌ನ ಸಬ್‌ಸಾನಿಕ್ ತೋಟಾದಲ್ಲಿ 40 ಗ್ರೇನ್, ಅಂದರೆ 2.6 ಗ್ರಾಂ ತೂಕದ ಸೀಸದ ಗುಂಡಿರುತ್ತದೆ. ಅದು ಶಬ್ದದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ, ಸುಮಾರು 130 ಜೂಲ್ ಶಕ್ತಿಯೊಡನೆ ಹೊರಡುತ್ತದೆ. ಏರ್ ರೈಫಲ್‌ನ 16 ಜೂಲ್‌ಗೆ ಹೋಲಿಸಿದರೆ ಎಂಟು ಪಟ್ಟು. ಈ ಅಂಕಿಯನ್ನು ನೋಡಿ ಅನೇಕರು ಅಲ್ಲಿಯೇ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆದರೆ ಮೂವತ್ತು ಮೀಟರ್ ಒಳಗೆ, ಮೊಲದ ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ ತಾಗಿದ ಪೆಲೆಟ್ ರಿಮ್‌ಫೈರ್‌ನಷ್ಟೇ ಖಚಿತವಾಗಿ, ಆ ಕ್ಷಣದಲ್ಲಿಯೇ ಪ್ರಾಣ ತೆಗೆಯುತ್ತದೆ. ಹಾಗೆಂದು ಏರ್ ರೈಫಲ್ ಹಿಡಿದವನಿಗೆ ಬೇರೆ ಗುರಿಯೇ ಇಲ್ಲ: ಎದೆಗೆ ಹೊಡೆಯುವಂತಿಲ್ಲ, ಓಡುವ ಮೊಲಕ್ಕೆ ಹೊಡೆಯುವಂತಿಲ್ಲ, ಮುಖ ತಿರುಗಿಸಿ ಕೂತದ್ದಕ್ಕೆ ಅಂದಾಜಿನಲ್ಲಿ ಹೊಡೆಯುವಂತಿಲ್ಲ. ತಲೆ ಸ್ಪಷ್ಟವಾಗಿ ಕಾಣದಿದ್ದರೆ ಬೆರಳನ್ನು ಟ್ರಿಗರ್‌ನಿಂದ ತೆಗೆದು ಕಾಯಬೇಕು. ರಿಮ್‌ಫೈರ್‌ನಲ್ಲಿ ಹೃದಯ, ಶ್ವಾಸಕೋಶಗಳ ಭಾಗಕ್ಕೆ ತಾಗಿದರೂ ಸಾಕಾಗುತ್ತದೆ. ತಪ್ಪಿಗೆ ಅಷ್ಟು ಎಡೆ ಇದೆ.

ನಿಮ್ಮ ದೂರವನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. ಎರಡು ಪೌಂಡಿನ ನಾಣ್ಯದಷ್ಟು ಅಗಲದ ವೃತ್ತವನ್ನು ಕಾಗದದ ಮೇಲೆ ಬರೆದು, ತೋಟದಲ್ಲಿ ಹೇಗೆ ಕೂರುತ್ತೀರೋ ಹಾಗೆಯೇ ಕೂತು ಹತ್ತು ಪೆಲೆಟ್ ಹೊಡೆಯಿರಿ. ಹತ್ತೂ ಒಳಗೆ ಬೀಳುವ ದೂರ ನಿಮ್ಮ ಮಿತಿ. ಒಂಬತ್ತು ಬಿದ್ದರೆ ಐದು ಮೀಟರ್ ಮುಂದೆ ಬನ್ನಿ. ಕ್ಲಬ್ಬಿನ ಮೇಜಿನ ಮೇಲೆ ಬಂದೂಕು ಊರಿ ಐವತ್ತು ಮೀಟರಿನಲ್ಲಿ ಹೊಡೆದವರು, ಹೊಲದಲ್ಲಿ ಮಂಡಿಯೂರಿ ಕೂತಾಗ ಇಪ್ಪತ್ತೈದಕ್ಕೆ ಇಳಿಯುವುದನ್ನು ನಾನು ಅನೇಕ ಸಲ ನೋಡಿದ್ದೇನೆ.

ಏರ್ ರೈಫಲ್‌ಗೆ ಅಳತೆಯಲ್ಲಿ .177 ಮತ್ತು .22 ಎಂಬ ಎರಡು ಬಗೆಯ ಪೆಲೆಟ್‌ಗಳಿವೆ. ಒಂದೇ ಶಕ್ತಿಯ ಮಿತಿ ಇರುವುದರಿಂದ ಹಗುರವಾದ .177 ವೇಗವಾಗಿ, ಹೆಚ್ಚು ನೇರವಾಗಿ ಹೋಗುತ್ತದೆ, ದಪ್ಪನೆಯ.22 ನಿಧಾನವಾಗಿ, ಹೆಚ್ಚು ಬಾಗಿ ಹೋಗುತ್ತದೆ, ಆದರೆ ಪೆಟ್ಟು ತುಸು ಅಗಲ. ದೂರದ ಅಂದಾಜು ಇನ್ನೂ ಪಳಗದವರಿಗೆ ನಾನು .177 ಎನ್ನುತ್ತೇನೆ, ಏಕೆಂದರೆ 25 ಮೀಟರ್ ಎಂದುಕೊಂಡದ್ದು 32 ಆಗಿದ್ದರೂ ಪೆಲೆಟ್ ಗುರಿಯಿಂದ ಬಹಳ ಕೆಳಗೆ ಇಳಿದಿರುವುದಿಲ್ಲ. ಸ್ಪ್ರಿಂಗ್ ರೈಫಲ್ ಅಗ್ಗ, ಬಾಳಿಕೆ ಹೆಚ್ಚು. ಆದರೆ ಪೆಲೆಟ್ ನಳಿಕೆ ಬಿಡುವ ಮೊದಲೇ ಒಳಗಿನ ಸ್ಪ್ರಿಂಗ್ ಕುಲುಕುವುದರಿಂದ, ಹಿಡಿತ ಪ್ರತಿ ಸಲವೂ ಒಂದೇ ರೀತಿ ಇರಬೇಕು. ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿ ರೈಫಲ್ ಕುಲುಕುವುದಿಲ್ಲ, ಸದ್ದೂ ಕಡಿಮೆ, ಹೊಸಬರ ಕೈಗೆ ಬೇಗ ಹೊಂದುತ್ತದೆ. ಬೆಲೆಯ ಜೊತೆಗೆ ಗಾಳಿ ತುಂಬುವ ಸಿಲಿಂಡರ್ ಅಥವಾ ಪಂಪಿನ ಖರ್ಚೂ ಸೇರುತ್ತದೆ.

ನಿಮ್ಮ ದಿಬ್ಬ 25ರಿಂದ 40 ಮೀಟರಿನಲ್ಲಿದೆ, ಮೊಲಗಳು ಅದರ ಬುಡದಲ್ಲಿಯೇ ಹೊರಬರುತ್ತವೆ, ತಪ್ಪಿದ ಪೆಲೆಟ್ ಮಣ್ಣಿಗೆ ಹೋಗುತ್ತದೆ. ಏರ್ ರೈಫಲ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಉತ್ತರದ ಹೊಲ ಮಾತ್ರ ಅದರ ಕೈಗೆ ಎಟುಕುವುದಿಲ್ಲ. ಅಲ್ಲಿಗೆ ರಿಮ್‌ಫೈರ್ ಬೇಕೆನಿಸುವುದು ಸಹಜ. ಆದರೆ ಸಮತಟ್ಟು ಎಂದಿದ್ದೀರಿ, ಆ ಒಂದು ಪದ ನನ್ನನ್ನು ತಡೆಯುತ್ತಿದೆ.

ಉತ್ತರ 2: ಸುಂಟಿಕೊಪ್ಪದವ, ಕೊಡಗು

ಗದ್ದೆಬದು ಅವರು ನಿಲ್ಲಿಸಿದ ಕಡೆಯಿಂದ ನಾನು ಮುಂದುವರಿಸುತ್ತೇನೆ. ನಾನು ಸೇನೆಯಿಂದ ನಿವೃತ್ತನಾದವನು. ಕೆಲವು ವರ್ಷ ಎನ್‌ಸಿಸಿ ಕೆಡೆಟ್ಟುಗಳಿಗೆ.22 ರೈಫಲ್‌ನಲ್ಲಿ ಗುರಿ ಕಲಿಸಿದ್ದೇನೆ. 25 ಮೀಟರ್ ದೂರದ ಕಾಗದಕ್ಕೆ ಹೊಡೆಯುವ ಮಕ್ಕಳ ಎದುರಿಗೂ ಎತ್ತರದ ಮಣ್ಣಿನ ಗೋಡೆ ಇಲ್ಲದೆ ನಾವು ಒಂದು ಗುಂಡನ್ನೂ ಹಾರಿಸಲು ಬಿಡುತ್ತಿರಲಿಲ್ಲ. ಕಾರಣ ತೋಟಾ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ: ಆ ಸಣ್ಣ ಗುಂಡು ಒಂದೂವರೆ ಮೈಲಿ ಹೋಗಬಲ್ಲದು.

ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ ಗುಂಡು ತಟ್ಟಿ ಚಿಮ್ಮುವುದು. ಸಬ್‌ಸಾನಿಕ್ .22 ಗುಂಡು ನಿಧಾನದ್ದು, ತೂಕದ್ದು, ಒಡೆದು ಚೂರಾಗುವಂಥದ್ದಲ್ಲ. ಚಪ್ಪಟೆಯಾದ ನೆಲಕ್ಕೆ ಓರೆಯಾಗಿ ಬಡಿದಾಗ, ಅದರಲ್ಲೂ ಕಲ್ಲು, ಹೆಪ್ಪುಗಟ್ಟಿದ ಮಣ್ಣು ಅಥವಾ ನಿಂತ ನೀರಿಗೆ ಬಡಿದಾಗ, ನಾವು ಕೆರೆಯಲ್ಲಿ ಬಿಲ್ಲೆಗಲ್ಲು ಎಸೆದಂತೆ ನೆಗೆದು ಎತ್ತಲೋ ಹೋಗುತ್ತದೆ. ಅದು ಗಾಳಿಯಲ್ಲಿ ಸುಯ್ಯೆನ್ನುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಿಂತ ಎತ್ತರದಿಂದ ಸಮತಟ್ಟಾದ ಹೊಲದಲ್ಲಿ ತೊಂಬತ್ತು ಮೀಟರ್ ಆಚೆಯ ಮೊಲಕ್ಕೆ ಹೊಡೆದರೆ, ಗುಂಡು ನೆಲಕ್ಕೆ ತಾಗುವ ಕೋನ ಬಹಳ ಕಿರಿದಾಗಿರುತ್ತದೆ. ಚಿಮ್ಮುವುದಕ್ಕೆ ಅದೇ ತಕ್ಕ ಕೋನ. ಎತ್ತರದ ಅಟ್ಟಣೆಯಿಂದಲೋ ಏರಿನ ಮೇಲಿಂದಲೋ ಕೆಳಮುಖವಾಗಿ ಹೊಡೆದರೆ ಕೋನ ಕಡಿದಾಗಿ ಗುಂಡು ಮಣ್ಣಿನಲ್ಲಿ ಹುದುಗುತ್ತದೆ. ಬೇಲಿಸಾಲನ್ನು ತಡೆಯೆಂದು ಭಾವಿಸಬೇಡಿ. ಎಲೆ ಕೊಂಬೆಗಳು ಗುಂಡನ್ನು ತಡೆಯುವುದಿಲ್ಲ, ಅವುಗಳ ಹಿಂದೆ ಏನಿದೆ ಎಂಬುದನ್ನು ಮರೆಮಾಡುತ್ತವೆ ಅಷ್ಟೆ.

.17 ಎಚ್‌ಎಮ್‌ಆರ್ ಎಂಬ ಇನ್ನೊಂದು ರಿಮ್‌ಫೈರ್ 2002ರಿಂದ ಬಳಕೆಗೆ ಬಂದಿದೆ. ಅದರ 17 ಗ್ರೇನ್ ಗುಂಡು ಬಹಳ ವೇಗವಾಗಿ ಹೋಗಿ ತಾಗಿದೊಡನೆ ಚೂರಾಗುವುದರಿಂದ ಚಿಮ್ಮುವ ಸಂಭವ ಕಡಿಮೆ, ನೂರು ಮೀಟರ್ ಆಚೆಗೂ ಗುರಿ ನೇರ. ಆದರೆ ಶಕ್ತಿ .22ರ ಎರಡೂವರೆ ಪಟ್ಟು, ಶಬ್ದದ ವೇಗವನ್ನು ಮೀರುವ ಅದರ ಸಿಡಿತವನ್ನು ಯಾವ ಸೈಲೆನ್ಸರೂ ಅಡಗಿಸದು, ಬೀಸುವ ಗಾಳಿಗೆ ಹಗುರ ಗುಂಡು ಪಕ್ಕಕ್ಕೆ ಸರಿಯುತ್ತದೆ. ಚಿಮ್ಮುವುದು ಕಡಿಮೆ ಎಂದ ಮಾತ್ರಕ್ಕೆ ಹಿಂಬದಿಯ ಮಣ್ಣು ಬೇಡವೆಂದಾಗುವುದಿಲ್ಲ. ನೆರೆಮನೆ, ಕಾಲುದಾರಿ ಇರುವ ಕಡೆ ನಾನು ಅದನ್ನು ಹೇಳಲಾರೆ.

ನಮ್ಮ ಕಡೆಯ ಓದುಗರಿಗೆ ಒಂದು ಮಾತು ಸೇರಿಸುವುದು ನನ್ನ ಕರ್ತವ್ಯ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಬೇಟೆಯದಲ್ಲ. ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇಲ್ಲಿನ ಚರ್ಚೆಯನ್ನು ಓದಿ ಯಾರೂ ಏರ್ ಗನ್ ಹಿಡಿದು ಕರ್ನಾಟಕದ ಹೊಲಕ್ಕೆ ಇಳಿಯಬಾರದು.

ಉತ್ತರ 3: ಪಶುವೈದ್ಯೆ, ನಾರ್ತ್ ಯಾರ್ಕ್‌ಷೈರ್

ಮೊಲವೆಂಬ ಒಂದೇ ಪದವನ್ನು ನಾವು ಎರಡು ಪ್ರಾಣಿಗಳಿಗೆ ಬಳಸುತ್ತೇವೆ. ಊರಿನ ಕಾಡುಮೊಲ ಇಂಗ್ಲಿಷಿನವರ ಹೇರ್ ಜಾತಿಗೆ ಸೇರಿದ್ದು. ಅದು ಬಿಲ ತೋಡುವುದಿಲ್ಲ, ಬಯಲಿನ ಹುಲ್ಲಿನಲ್ಲಿ ಅಡಗುತ್ತದೆ, ಮರಿಗಳು ಕೂದಲು ತುಂಬಿ ಕಣ್ಣು ತೆರೆದೇ ಹುಟ್ಟುತ್ತವೆ. ನಿಮ್ಮ ದಿಬ್ಬದಲ್ಲಿರುವುದು ರ‍್ಯಾಬಿಟ್. ಬಿಲದಲ್ಲಿ ಗುಂಪಾಗಿ ಬಾಳುತ್ತದೆ, ಮರಿಗಳು ಕುರುಡಾಗಿ, ಬೋಳಾಗಿ ಹುಟ್ಟುತ್ತವೆ. ನಿಮ್ಮ ಉತ್ತರದ ಗೋಧಿ ಹೊಲದಲ್ಲಿ ಹೇರ್ ಕೂಡ ಇರಬಹುದು: ಉದ್ದ ಕಾಲು, ತುದಿ ಕಪ್ಪಾದ ಉದ್ದ ಕಿವಿ, ರ‍್ಯಾಬಿಟ್‌ಗಿಂತ ಎರಡರಷ್ಟು ತೂಕ. ಅದು ಏರ್ ರೈಫಲ್‌ನ ಗುರಿಯಲ್ಲವೇ ಅಲ್ಲ, ದಯವಿಟ್ಟು ಅದನ್ನು ಬಿಟ್ಟುಬಿಡಿ.

ನೀವು ನರಳಿಸುವುದು ಬೇಡ ಎಂದಿರಿ. ಅದಕ್ಕೆ ಕಾಲದ ಆಯ್ಕೆಯೂ ಮುಖ್ಯ. ರ‍್ಯಾಬಿಟ್‌ಗಳು ಹೆಚ್ಚಾಗಿ ಜನವರಿಯಿಂದ ಆಗಸ್ಟ್‌ವರೆಗೆ ಮರಿ ಹಾಕುತ್ತವೆ; ಗರ್ಭದ ಅವಧಿ ಒಂದೇ ತಿಂಗಳು, ಈದ ಒಂದೆರಡು ದಿನದಲ್ಲಿಯೇ ತಾಯಿ ಮತ್ತೆ ಗಬ್ಬವಾಗಬಲ್ಲದು. ಬೇಸಿಗೆಯಲ್ಲಿ ತಾಯಿಯನ್ನು ಹೊಡೆದರೆ ಬಿಲದೊಳಗಿನ ಕುರುಡು ಮರಿಗಳು ಹಸಿವಿನಿಂದ ಸಾಯುತ್ತವೆ, ಆ ಸಾವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅಕ್ಟೋಬರ್ ಕೊನೆಯಿಂದ ಜನವರಿ ಮೊದಲವರೆಗೆ ಮಾಡಿದ ಕೆಲಸದಲ್ಲಿ ಈ ಪಾಪ ಕಡಿಮೆ, ಫಲವೂ ಹೆಚ್ಚು; ಆಗ ಕಡಿಮೆಯಾದ ಒಂದು ಹೆಣ್ಣು ಮುಂದಿನ ಬೇಸಿಗೆಯ ಇಡೀ ಸಂತತಿಯನ್ನು ತಡೆಯುತ್ತದೆ. ಊದಿಕೊಂಡ ರೆಪ್ಪೆ, ಕೀವು ಸುರಿಯುವ ಕಣ್ಣು, ಹತ್ತಿರ ಹೋದರೂ ಓಡದ ಮೊಲ ಕಂಡರೆ ಅದು ಮಿಕ್ಸೊಮಟೋಸಿಸ್; 1953ರಲ್ಲಿ ಬ್ರಿಟನ್ನಿಗೆ ಬಂದ ಈ ರೋಗ ಮನುಷ್ಯರಿಗೆ ಹರಡುವುದಿಲ್ಲ, ಆದರೆ ಅಂಥ ಪ್ರಾಣಿಗೆ ಬೇಗ ಸಾವು ಕೊಡುವುದೇ ದಯೆ.

ಒಂದು ಗುಂಡೂ ಹಾರಿಸದೆ ಸಸಿ ಉಳಿಸುವ ದಾರಿಯನ್ನು ಯಾರೂ ಹೇಳಲಿಲ್ಲವಾದ್ದರಿಂದ ಹೇಳುತ್ತೇನೆ. 31 ಮಿಲಿಮೀಟರ್ ಕಣ್ಣಿನ ತಂತಿಬಲೆಯನ್ನು ನೆಲದ ಮೇಲೆ 90 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿ, ಬುಡದ 15 ಸೆಂಟಿಮೀಟರನ್ನು ಮೊಲ ಬರುವ ಕಡೆಗೆ ಮಡಿಸಿ ಹುಲ್ಲಿನ ಹೆಂಟೆಗಳಿಂದ ಮುಚ್ಚಿದರೆ ಅವು ಕೆಳಗೆ ತೋಡಿ ನುಗ್ಗುವುದಿಲ್ಲ. ಇಡೀ ಜಮೀನಿಗೆ ಬೇಡ, ಸಸಿಗಳಿರುವಷ್ಟಕ್ಕೆ ಸಾಕು. ಅದಾಗುವವರೆಗೆ ಪ್ರತಿ ಗಿಡಕ್ಕೂ 60 ಸೆಂಟಿಮೀಟರ್ ಸುರುಳಿ ಕವಚ ತೊಡಿಸಿ.

ಉತ್ತರ 4: ಬಲ್ಲಾರಟ್ ಕನ್ನಡಿಗ, ವಿಕ್ಟೋರಿಯ, ಆಸ್ಟ್ರೇಲಿಯ

ನಮ್ಮಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. ಇಲ್ಲಿ ಏರ್ ರೈಫಲ್‌ಗೂ ಪರವಾನಗಿ ಬೇಕು. ಅದೂ ಸ್ವಯಂ ತುಂಬಿಕೊಳ್ಳದ ರಿಮ್‌ಫೈರೂ ಒಂದೇ ಎ ವರ್ಗದಲ್ಲಿವೆ. 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಸ್ವಯಂ ತುಂಬಿಕೊಳ್ಳುವ ರಿಮ್‌ಫೈರನ್ನು ಬಿಗಿಯಾದ ಸಿ ವರ್ಗಕ್ಕೆ ಸೇರಿಸಿದರು. ಪರವಾನಗಿಯ ತೊಂದರೆ ಎರಡಕ್ಕೂ ಒಂದೇ ಆದ್ದರಿಂದ ಕುರಿ ಸಾಕುವವರು ಸಾಮಾನ್ಯವಾಗಿ .22 ಅನ್ನೇ ಕೊಳ್ಳುತ್ತಾರೆ; ಏರ್ ರೈಫಲ್ ಕೊಟ್ಟಿಗೆಯ ಸುತ್ತಮುತ್ತಲಿನ ಕೆಲಸಕ್ಕೆ ಉಳಿಯುತ್ತದೆ.

ನಮ್ಮ ಊರಿನಿಂದ ದೂರವಲ್ಲದ ವಿಂಚೆಲ್ಸಿಯ ಬಳಿಯ ಬಾರ್ವನ್ ಪಾರ್ಕಿಗೆ 1859ರಲ್ಲಿ ಥಾಮಸ್ ಆಸ್ಟಿನ್ ಎಂಬಾತ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲಗಳನ್ನು ತರಿಸಿದ. ಅದರ ಫಲವನ್ನು ಒಂದು ಖಂಡವೇ ಉಂಡಿತು. 1950ರ ಮಿಕ್ಸೊಮ ವೈರಸ್, 1995ರ ಕ್ಯಾಲಿಸಿ ವೈರಸ್ ಅವುಗಳನ್ನು ತಗ್ಗಿಸಿದವೇ ಹೊರತು ಬಂದೂಕಲ್ಲ. ಇಲ್ಲಿ ಕಲಿತ ಪಾಠವೆಂದರೆ, ವಿಷದ ಆಮಿಷ ಇಟ್ಟು, ಟ್ರ್ಯಾಕ್ಟರಿನಿಂದ ಬಿಲಗಳನ್ನು ಸೀಳಿ ಮುಚ್ಚಿದ ಮೇಲೆ ಅಳಿದುಳಿದವಕ್ಕೆ ಮಾತ್ರ ಬಂದೂಕು. ಬಿಲ ಇರುವವರೆಗೆ ಹೊಸ ಮೊಲಗಳು ಬಂದು ಸೇರಿಕೊಳ್ಳುತ್ತಲೇ ಇರುತ್ತವೆ. ನಿಮ್ಮ ದಿಬ್ಬ ಬೇಲಿಸಾಲಿನ ಭಾಗವಾಗಿದ್ದರೆ ಸೀಳುವ ಮಾತು ಬೇಡ, ಆದರೆ ಚಳಿಗಾಲದಲ್ಲಿ ಬಿಲದೊಳಕ್ಕೆ ಫೆರೆಟ್ (ಮುಂಗುಸಿಯನ್ನು ಹೋಲುವ ಸಾಕುಪ್ರಾಣಿ) ಬಿಟ್ಟು, ಹೊರಬರುವ ಮೊಲಗಳನ್ನು ಬಲೆಯಿಂದ ಹಿಡಿಯುವವರನ್ನು ಒಮ್ಮೆ ಕರೆಸಿ. ಒಂದು ಬೆಳಗಿನಲ್ಲಿ ಅವರು ಹಿಡಿಯುವಷ್ಟನ್ನು ನೀವು ಇಡೀ ತಿಂಗಳು ಕೂತು ಹೊಡೆಯಲಾರಿರಿ.

ಹೇಮಾವತಿ ತೀರ, ವೂಸ್ಟರ್‌ಶೈರ್

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಸಂಜೆ ಉತ್ತರದ ಹೊಲದಂಚಿಗೆ ಹೋಗಿ, ಮೊಲಗಳು ಮೇಯುವ ಜಾಗದ ಹಿಂದೆ ಏನಿದೆ ಎಂದು ಮೊದಲ ಸಲ ಆ ದೃಷ್ಟಿಯಿಂದ ನೋಡಿದೆ. ಬೇಲಿಸಾಲಿನ ಆಚೆ ಇನ್ನೂರು ಮೀಟರಿನಲ್ಲಿ ಹಳ್ಳಿಯ ರಸ್ತೆ ಇದೆ. ಸೈಕಲ್ಲಿನಲ್ಲಿ ಹೋಗುವ ಒಬ್ಬರ ತಲೆ ಬೇಲಿಯ ಮೇಲೆ ಕಂಡಿತು. ರಿಮ್‌ಫೈರ್‌ನ ಅರ್ಜಿಯ ವಿಚಾರ ನನ್ನ ಮಟ್ಟಿಗೆ ಅಲ್ಲಿಗೆ ನಿಂತಿತು. .177 ಅಳತೆಯ ಪಿಸಿಪಿ ರೈಫಲ್ ಕೊಳ್ಳುತ್ತೇನೆ, ಸಸಿಗಳ ಸುತ್ತ ತಂತಿಬಲೆಯನ್ನು ಅಕ್ಟೋಬರ್ ಒಳಗೆ ಮುಗಿಸುತ್ತೇನೆ, ನೆರೆಯ ರೈತರ ಜೊತೆ ಸೇರಿ ಫೆರೆಟ್‌ನವರನ್ನು ಕರೆಸುವ ಬಗ್ಗೆ ಮಾತನಾಡಿದ್ದೇನೆ; ಖರ್ಚಿನಲ್ಲಿ ಅರ್ಧ ತಾವು ಕೊಡುವುದಾಗಿ ಅವರೇ ಹೇಳಿದರು. ಉಳಿದ ಒಂದು ಸಂದೇಹ: ಸಂಜೆಯ ಮಬ್ಬಿನಲ್ಲಿ ದೂರವನ್ನು ಹೇಗೆ ಅಂದಾಜು ಮಾಡುವುದು?

ಗದ್ದೆಬದು, ಹೆರೆಫರ್ಡ್‌ಶೈರ್

ಅಂದಾಜು ಮಾಡಬೇಡಿ. ನೀವು ಕೂರುವ ಜಾಗವನ್ನು ಒಂದೇ ಕಡೆ ಗೊತ್ತುಮಾಡಿ, ಅಲ್ಲಿಂದ ಟೇಪಿನಲ್ಲಿ ಅಳೆದು ದಿಬ್ಬದ ಕಡೆಗೆ 20, 25, 30 ಮೀಟರಿಗೆ ಒಂದೊಂದು ಗೂಟವನ್ನು ನೆಟ್ಟು ತುದಿಗೆ ಬಿಳಿ ಬಣ್ಣ ಬಳಿಯಿರಿ. ಮೊಲಗಳು ಎರಡು ಮೂರು ದಿನಗಳಲ್ಲಿ ಗೂಟಕ್ಕೆ ಒಗ್ಗಿಕೊಳ್ಳುತ್ತವೆ. ಗಾಳಿ ಅವುಗಳ ಕಡೆಯಿಂದ ನಿಮ್ಮ ಕಡೆಗೆ ಬೀಸುವ ಸಂಜೆಯನ್ನು ಆರಿಸಿಕೊಂಡು, ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಹೋಗಿ ಅಲುಗಾಡದೆ ಕೂರಿ. ಮೂವತ್ತರ ಗೂಟದ ಆಚೆ ಎಷ್ಟೇ ದೊಡ್ಡ ಮೊಲ ಕೂತಿದ್ದರೂ ಅದು ಆ ಸಂಜೆ ನಿಮ್ಮದಲ್ಲ. ದಕ್ಷಿಣದ ಕಾಲುದಾರಿಯಲ್ಲಿ ಯಾರಾದರೂ ಬರುವ ಸದ್ದಾದರೆ ಪೆಲೆಟ್ಟನ್ನು ಹೊರತೆಗೆದು, ಅವರು ದಾಟಿ ಹೋಗುವವರೆಗೆ ರೈಫಲನ್ನು ಮಡಿಲ ಮೇಲೆ ಬರಿದಾಗಿ ಇಟ್ಟುಕೊಳ್ಳಿ.